ಡಬ್ಬಿಯ ಮೇಲಿನ ಚೀಟಿ

ಪ್ರಶ್ನೆ (ಬಸವಕಲ್ಯಾಣದಿಂದ): ನನ್ನ ಎರಡು ಬಂದೂಕುಗಳ ತೋಟೆಗಳಿಗೂ, ಹುಮನಾಬಾದಿನ ಮನೆಯಲ್ಲಿ ದಿವಂಗತ ತಂದೆಯವರು ಬಿಟ್ಟ ತೋಟೆಗಳ ಡಬ್ಬಿಗೂ ಗುರುತು ಹಾಕುವುದೆಂತು?

ವಕೀಲರ ಉತ್ತರ: ತಮ್ಮ ಪರವಾನಗಿಗೆ ಒಳಪಟ್ಟ 12 ಮತ್ತು 20 ಬೋರಿನ ತೋಟೆಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಡತಕ್ಕದ್ದು, ಏಕೆಂದರೆ 12 ಬೋರಿನ ನಳಿಗೆಯೊಳಗೆ ಪ್ರಮಾದವಶಾತ್ ಜಾರಿದ 20 ಬೋರಿನ ತೋಟೆಯು ನಡುವೆ ಸಿಕ್ಕಿಕೊಂಡು, ಅದನ್ನರಿಯದೆ ಹಿಂದಿನಿಂದ ಮತ್ತೊಂದನ್ನು ತುಂಬಿ ಹಾರಿಸಿದಲ್ಲಿ, ನಳಿಗೆಯೇ ಸಿಡಿಯುವುದು. 20 ಬೋರಿಗೆ ಹಳದಿ ಬಣ್ಣವೆಂಬ ವಾಡಿಕೆಯುಂಟು; ಆದರೂ ತಳದ ಅಂಕಿಯನ್ನೇ ಓದಿರಿ. ಚೀಟಿಯಲ್ಲಿ ಬೋರು, ಚರೆಯ ಸಂಖ್ಯೆ, ಕೊಂಡ ದಿನಾಂಕ, ಉಳಿದ ಎಣಿಕೆಗಳಿರಲಿ. ಪೆನ್ಸಿಲೇ ಲೇಸು, ಶಾಯಿ ತೇವಕ್ಕೆ ಹರಡೀತು.

ತಂದೆಯವರ ಡಬ್ಬಿಯು ತಮ್ಮ ಪರವಾನಗಿಗೆ ಒಳಪಡದ್ದರಿಂದ ಅದಕ್ಕೆ ಚೀಟಿಯ ಗೊಡವೆಯೇ ಬೇಡ. 1959ರ ಆಯುಧ ಅಧಿನಿಯಮದ 21ನೆಯ ಕಲಮಿನಂತೆ ಅದನ್ನು ವಿಳಂಬಿಸದೆ ಸಮೀಪದ ಪೊಲೀಸ್ ಠಾಣೆಗೆ ಇಲ್ಲವೆ ಪರವಾನಗಿಯುಳ್ಳ ವ್ಯಾಪಾರಿಗೆ ಒಪ್ಪಿಸಿ ರಸೀದಿ ಪಡೆಯಿರಿ. ಹಸಿರುಗಟ್ಟಿದವು, ಉಬ್ಬಿದವು ಕಂಡರೆ ಮುಟ್ಟದೆ ಠಾಣೆಗೆ ತಿಳಿಸಿರಿ.