ಅಮೆರಿಕದ ‘ಮೆಟ್ರೊ’ ಅಂಕಿಅಂಶ: ರಫ್ತುದಾರರು ತಿಳಿಯಬೇಕಾದುದು

ಅಮೆರಿಕಕ್ಕೆ ಸರಕು ಕಳುಹಿಸುವ ಸದಸ್ಯರ ಕೈಸೇರುವ ಮಾರುಕಟ್ಟೆ ವರದಿಗಳಲ್ಲಿ ‘ಮೆಟ್ರೊಪಾಲಿಟನ್ ಪ್ರದೇಶ’ ಎಂಬ ಪದ ಪದೇ ಪದೇ ಕಾಣಿಸುತ್ತದೆ. ಇದನ್ನು ಮಹಾನಗರವೆಂದೇ ಭಾವಿಸಿದರೆ ಬೇಡಿಕೆಯ ಅಂದಾಜು ತಪ್ಪುವುದು.

ಈ ಪ್ರದೇಶಗಳನ್ನು ಗೊತ್ತುಪಡಿಸುವುದು ಅಲ್ಲಿನ ಫೆಡರಲ್ ಸರ್ಕಾರದ ಆಡಳಿತ ಮತ್ತು ಆಯವ್ಯಯ ಕಚೇರಿ. ನಮ್ಮ ಜಿಲ್ಲೆಯನ್ನು ಹೋಲುವ ಕೌಂಟಿಯೇ ಇದರ ಮೂಲ ಘಟಕ. ಕನಿಷ್ಠ 50,000 ಜನಸಂಖ್ಯೆಯ ನಗರ ಪ್ರದೇಶ ಕೇಂದ್ರದಲ್ಲಿದ್ದರೆ ಅದು ಮೆಟ್ರೊಪಾಲಿಟನ್. 10,000ಕ್ಕೆ ಕಡಿಮೆಯಿಲ್ಲದೆ 50,000ದೊಳಗಿದ್ದರೆ ಮೈಕ್ರೊಪಾಲಿಟನ್.

ನೆರೆಯ ಕೌಂಟಿಯನ್ನು ಸೇರಿಸಿಕೊಳ್ಳಲು ಉದ್ಯೋಗವೇ ಅಳತೆಗೋಲು. ಅಲ್ಲಿನ ದುಡಿಯುವವರಲ್ಲಿ ಶೇ. 25ರಷ್ಟಾದರೂ ಕೇಂದ್ರ ಕೌಂಟಿಗಳಿಗೆ ಕೆಲಸಕ್ಕೆ ಹೋಗುತ್ತಿರಬೇಕು; ಇಲ್ಲವೇ ಅಲ್ಲಿನ ಉದ್ಯೋಗಗಳಲ್ಲಿ ಶೇ. 25ರಷ್ಟಾದರೂ ಕೇಂದ್ರ ಕೌಂಟಿಗಳ ನಿವಾಸಿಗಳ ಕೈಯಲ್ಲಿರಬೇಕು. ಸೇರಿದರೆ ಇಡೀ ಕೌಂಟಿಯೇ ಸೇರುತ್ತದೆ. ಆದಕಾರಣ ಕ್ಯಾಲಿಫೋರ್ನಿಯದ ರಿವರ್‌ಸೈಡ್–ಸ್ಯಾನ್ ಬರ್ನಾರ್ಡಿನೊ ಮೆಟ್ರೊದೊಳಗೆ ಮೊಹಾವೆ ಮರುಭೂಮಿಯ ವಿಶಾಲ ಭಾಗವೂ ಅಡಕವಾಗಿದೆ.

ಜನಗಣತಿಯ ತರುವಾಯ ಈ ಗಡಿಗಳು ಬದಲಾಗುವುದುಂಟು. 2020ರ ಗಣತಿಯನ್ನು ಆಧರಿಸಿದ ಪಟ್ಟಿ 2023ರ ಜುಲೈನಲ್ಲಿ ಪ್ರಕಟವಾಯಿತು. ಹೊಸ ಕೌಂಟಿ ಸೇರಿದ ಮೆಟ್ರೊದ ಜನಸಂಖ್ಯೆ ಏರಿದಂತೆ ತೋರಿದರೂ ಗ್ರಾಹಕರು ಹೆಚ್ಚಿದ್ದಾರೆಂದು ಅರ್ಥವಲ್ಲ. ವಿಲೀನದ ನಂತರದ ವಹಿವಾಟನ್ನು ವಿಲೀನಪೂರ್ವದ ಒಂದೇ ಸಂಸ್ಥೆಯ ವಹಿವಾಟಿನೊಡನೆ ಹೋಲಿಸಿ ‘ಬೆಳವಣಿಗೆ’ ಎಂದರೆ ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. ಇಲ್ಲಿಯೂ ಅದೇ ನ್ಯಾಯ.

ಆದುದರಿಂದ ವಿತರಕರನ್ನು ನೇಮಿಸುವ ಅಥವಾ ಗೋದಾಮು ಬಾಡಿಗೆಗೆ ಪಡೆಯುವ ಮುನ್ನ ಎರಡು ಸಂಗತಿಗಳನ್ನು ಕೇಳಿ ತಿಳಿಯಬೇಕು: ಅಂಕಿಗಳು ಯಾವ ವರ್ಷದ ಪಟ್ಟಿಗೆ ಸೇರಿದವು, ಮತ್ತು ಕೌಂಟಿವಾರು ವಿವರವೇನು. ಬಂಡವಾಳ ಅಲ್ಪವಾಗಿರುವ ಉದ್ದಿಮೆದಾರರಿಗೆ ಈ ಎಚ್ಚರ ಅತ್ಯವಶ್ಯ.