ತಾಲ್ಲೂಕಿನಲ್ಲೇ ಮುಗಿದ ಓಟ

ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ಶಾಲಾ ಮಕ್ಕಳನ್ನು ಓಡಿಸುತ್ತಾ ನಾನು ಕಲಿತದ್ದಿಷ್ಟು.

1. ವರ್ಷವನ್ನು ಕೊನೆಯಿಂದ ಎಣಿಸಬೇಕು

ಶಿಕ್ಷಣ ಇಲಾಖೆಯ ಕ್ರೀಡಾಕೂಟ ಹೋಬಳಿಯಲ್ಲಿ ಶುರುವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ ದಾಟಿ ರಾಜ್ಯಮಟ್ಟಕ್ಕೆ ಹೋಗುತ್ತದೆ. ಇದು ಗೊತ್ತಿದ್ದೂ ಜೂನ್‌ನಲ್ಲಿ ಶಾಲೆ ತೆರೆದದ್ದೇ ತಡ, ದಿನಾ 400 ಮೀಟರ್ ಜೀವ ಬಿಟ್ಟು ಓಡಿಸುತ್ತಿದ್ದೆ. ತಾಲ್ಲೂಕಿನಲ್ಲಿ ನಮ್ಮವರೇ ಮೊದಲು. ಹಾರ, ಫೋಟೊ, ಎಲ್ಲ ಆಯಿತು. ವಿಭಾಗಮಟ್ಟದಲ್ಲಿ 800 ಮೀಟರ್‌ನ ಹುಡುಗಿ ಎರಡನೇ ಸುತ್ತಿಗೆ ತಿರುಗುವಷ್ಟರಲ್ಲೇ ಹಿಂದೆ ಬಿದ್ದಳು. “ಕಾಲಾಗ ಸತ್ವನ ಇಲ್ರೀ ಸರ್” ಅಂದಳು. ನಾನು ಬೈದೆ. ಸತ್ವವನ್ನೆಲ್ಲ ಜುಲೈನಲ್ಲೇ ಹಿಂಡಿದವನು ನಾನೇ ಎಂದು ಹೊಳೆಯಲು ಬಹಳ ಕಾಲ ಬೇಕಾಯಿತು. ಈಗ ಗೆಲ್ಲಲೇಬೇಕಾದ ಕೂಟವನ್ನು ಮೊದಲು ಬರೆದು ವಾರಗಳನ್ನು ಹಿಂದಕ್ಕೆ ಎಣಿಸುತ್ತೇನೆ. ಹೋಬಳಿ, ತಾಲ್ಲೂಕು ಕೂಟಗಳಿಗೆಂದು ಅಭ್ಯಾಸ ಇಳಿಸುವುದಿಲ್ಲ, ಅವೂ ಅಭ್ಯಾಸವೇ.

2. ಬುನಾದಿ ಬೇಸಿಗೆಯಲ್ಲೇ

ಸೋವಿಯತ್ ರಷ್ಯಾದ ಕ್ರೀಡಾ ತಜ್ಞ ಮ್ಯಾಟ್ವೆಯೆವ್ 1960ರ ದಶಕದಲ್ಲಿ ವರ್ಷವನ್ನು ತಯಾರಿ, ಸ್ಪರ್ಧೆ, ವಿರಾಮ ಎಂದು ಭಾಗ ಮಾಡಿದರು. ಅವರಿಗೆ ನಮ್ಮ ಏಪ್ರಿಲ್ ಬಿಸಿಲು ಗೊತ್ತಿರಲಿಲ್ಲ, ಬಿಡಿ. ಆದರೆ ನಮ್ಮ ತಯಾರಿಯ ಕಾಲ ಬೀಳುವುದು ಆ 40 ಡಿಗ್ರಿಯಲ್ಲೇ. ಹೊತ್ತು ಹುಟ್ಟುವ ಮೊದಲು, ಮಸಾರಿ ನೆಲದ ಬಂಡಿದಾರಿಯಲ್ಲಿ, ಮಾತಾಡುತ್ತಾ ಓಡುವಷ್ಟು ನಿಧಾನದ ಓಟ. ಮೂರು ವಾರ ದೂರ ಏರಿಸಿ ನಾಲ್ಕನೇ ವಾರ ಇಳಿಸುತ್ತೇವೆ. ರಜೆಗೆ ಅಜ್ಜಿಯ ಊರಿಗೆ ಹೋಗುವವರ ಕೈಗೆ ಓಟದ ಲೆಕ್ಕ ಬರೆದ ಒಂದು ಚೀಟಿ.

3. ಎರೆ ಮಣ್ಣಿನ ಜೊತೆ ಹಟ ಬೇಡ

ಮಳೆ ಬಿದ್ದ ಎರೆ ನೆಲದಲ್ಲಿ ಒಂದೊಂದು ಶೂಗೂ ಸೇರುಗಟ್ಟಲೆ ಮಣ್ಣು ಅಂಟುತ್ತದೆ. ಅಂಥ ದಿನ ಶಾಲೆಯ ಪಡಸಾಲೆಯಲ್ಲಿ ಸ್ಕಿಪ್ಪಿಂಗ್, ಬಸ್ಕಿ.

4. ಕೊನೆಗೆ ಕೈ ಬಿಗಿ ಹಿಡಿಯುವುದೇ ಕಷ್ಟ

ಕೂಟ ಹತ್ತಿರ ಬಂದಂತೆ ಭಯಕ್ಕೆ ಹೆಚ್ಚು ಓಡಿಸುತ್ತಿದ್ದೆ. ಈಗ ಕೊನೆಯ ಹತ್ತು–ಹನ್ನೆರಡು ದಿನ ದೂರ ಅರ್ಧಕ್ಕಿಳಿಯುತ್ತದೆ, ವೇಗ ಮಾತ್ರ ಹಾಗೇ. ಬೆಳಿಗ್ಗೆ ಏಳುತ್ತಲೇ ಮಣಿಕಟ್ಟು ಹಿಡಿದು ನಾಡಿ ಎಣಿಸಿ ಬರೆಯಲು ಹೇಳಿದ್ದೇನೆ. ದಿನದ ಲೆಕ್ಕಕ್ಕಿಂತ ಏಳೆಂಟು ಬಡಿತ ಏರಿದ್ದರೆ ಅಂದು ನಡಿಗೆ ಅಷ್ಟೇ. ಆದರೂ ನನ್ನ ಕೈ ಸೀಟಿಯ ಕಡೆ ಹೋಗುತ್ತಲೇ ಇರುತ್ತದೆ.

5. ತೇರಿನ ತಿಂಗಳಿಗೆ ತರಬೇತಿ ಬರೆಯಬಾರದು

ಕೊಟ್ಟೂರು ತೇರು, ಮೈಲಾರದ ಕಾರಣಿಕ ಬರುವ ಹೊತ್ತಿಗೆ ಮಕ್ಕಳನ್ನು ಮೈದಾನಕ್ಕೆ ಎಳೆಯಲು ನೋಡಿ ಸೋತೆ. ಕೂಟಗಳೆಲ್ಲ ಮುಗಿದಿರುವ ಆ ತಿಂಗಳು ವಿರಾಮಕ್ಕೇ ಸರಿ. ಪಾದಯಾತ್ರೆ ಹೋದವರ ಕಾಲ ಬೊಬ್ಬೆ ಆರುವವರೆಗೂ ಓಟವಿಲ್ಲ. ಹಳೇ ನೋವಿದ್ದವರನ್ನು ಡಾಕ್ಟರಿಗೆ ತೋರಿಸುವುದೂ ಆಗಲೇ. “ಓಡದಿದ್ರ ಮರತು ಹೋಗ್ತೈತಲ್ರೀ” ಎಂದು ಗಾಬರಿಯಾಗುವ ಅಪ್ಪಂದಿರಿಗೆ ನೀರಜ್ ಚೋಪ್ರಾ ಕಥೆ ಹೇಳುತ್ತೇನೆ: 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಗಿ ದೋಹಾ ವಿಶ್ವ ಚಾಂಪಿಯನ್‌ಶಿಪ್ಪನ್ನೇ ಬಿಟ್ಟವರು, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ 87.58 ಮೀಟರ್ ಎಸೆದರು.