ಅಪರೂಪದ ಗಾಡಿ ಅನ್ನುವ ಮುಂಚೆ

ವಿರೂಪಾಕ್ಷಿಪುರ, ಚನ್ನಪಟ್ಟಣ, ಮಾಗಡಿ ಕಡೆಯ ಮಕ್ಕಳಿಗೆ ಹಳೇ ಗಾಡಿಯ ಹುಚ್ಚು ಹತ್ತಿರುವುದು ನನಗೆ ಸಂತೋಷದ ವಿಷಯವೇ. ಪಕ್ಕದ ಬಿಡದಿಯಲ್ಲಿ 1999ರ ಕೊನೆಗೆ ಟೊಯೋಟದವರು ಕ್ವಾಲಿಸ್ ತಯಾರಿಸಲು ಶುರುಮಾಡಿದಾಗಿನಿಂದ ಎಂಜಿನ್ನಿನ ಮಾತು ನಮ್ಮ ಊರ ಜಗಲಿಗಳಿಗೂ ಬಂದಿದೆ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಿಂದಲೇ ಚಕ್ರ ತಿರುಗಿಸಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಉಪಾಯವೇ ಟರ್ಬೊ ಅಂತ ಈಗ ಪಿಯುಸಿ ಹುಡುಗಿಯೂ ಹೇಳುತ್ತಾಳೆ. ಇಷ್ಟೆಲ್ಲ ತಿಳಿದಿರುವ ನೀವು ಒಂದು ಕಡೆ ಮಾತ್ರ ಎಡವುತ್ತೀರಿ. ಯಾರೋ ಒಬ್ಬರು "ಇದು ಬಹಳ ರೇರ್, ಇಡೀ ರಾಜ್ಯದಲ್ಲಿ ಎರಡೇ ಇರೋದು" ಅಂದರೆ ಸಾಕು, ಅದನ್ನೇ ಹತ್ತು ಜನಕ್ಕೆ ಹೇಳಿಕೊಂಡು ಬರುತ್ತೀರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಯಾರು ಎಣಿಸಿದರು, ಯಾವಾಗ ಎಣಿಸಿದರು ಅಂತ ಒಮ್ಮೆಯಾದರೂ ಕೇಳಬೇಡವೇ?

ಮೊದಲು ಇದೊಂದು ತಿಳಿದುಕೊಳ್ಳಿ. ಎಷ್ಟು ಮಾಡಿದರು ಅನ್ನುವ ಲೆಕ್ಕ ಬೇರೆ, ಎಷ್ಟು ಉಳಿದಿವೆ ಅನ್ನುವ ಲೆಕ್ಕ ಬೇರೆ. ಇವೆರಡನ್ನೂ ಕಲಸಬೇಡಿ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಅನ್ನುವ ಕಾರು ತಂದಿತು. ಮಾರಾಟಕ್ಕೆ ಬಂದ ಮೊಟ್ಟಮೊದಲ ಟರ್ಬೊ ಕಾರುಗಳಲ್ಲಿ ಅದೂ ಒಂದು. ಎರಡು ವರ್ಷದಲ್ಲಿ 9,607 ಕಾರು ತಯಾರಾದವು. ಆದರೆ ಅದರ ಎಂಜಿನ್ನಿಗೆ ನೀರು, ಮೆಥನಾಲ್ ಬೆರೆಸಿದ ಒಂದು ದ್ರವವನ್ನು ಆಗಾಗ ತುಂಬಿಸಬೇಕಿತ್ತು. ಜನ ತುಂಬಿಸಲಿಲ್ಲ, ತೊಂದರೆ ಹೆಚ್ಚಿತು. ಕೊನೆಗೆ ಕಂಪನಿಯೇ ಟರ್ಬೊ ಬಿಚ್ಚಿಸಿ ಸಾಧಾರಣ ಕಾರ್ಬ್ಯುರೇಟರ್ ಹಾಕಿಸಿಕೊಟ್ಟಿತು. ಹಾಗಾಗಿ ಒಂಬತ್ತು ಸಾವಿರ ಚಿಲ್ಲರೆ ಅನ್ನುವ ಸಂಖ್ಯೆ ನೋಡಿ "ಓ, ಬೇಕಾದಷ್ಟಿವೆ" ಅನ್ನಬೇಡಿ. ಟರ್ಬೊ ಸಮೇತ ಉಳಿದವನ್ನು ಬೇರೆಯಾಗಿ ಹುಡುಕಬೇಕು.

ಇದಕ್ಕೆ ಉಲ್ಟಾ ಇನ್ನೊಂದು ತಾಪತ್ರಯವಿದೆ, ಉಳಿದದ್ದಕ್ಕಿಂತ ಹೆಚ್ಚು ಕಾಣಿಸಿಕೊಳ್ಳುವುದು. ಬಿಎಂಡಬ್ಲ್ಯು 2002 ಟರ್ಬೊ ಬಂದದ್ದು 1973ರಲ್ಲಿ, ಅದೇ ವರ್ಷ ತೈಲ ಬಿಕ್ಕಟ್ಟು ಬಂತು, 1,672 ಕಾರಿಗೇ ತಯಾರಿಕೆ ನಿಂತಿತು. 1987ರ ಬ್ಯೂಯಿಕ್ ಜಿಎನ್‌ಎಕ್ಸ್ ಬರೀ 547. ಅದೇ ಮೈಬಣ್ಣದ, ಅದೇ ಟರ್ಬೊ ಎಂಜಿನ್ ವಂಶದ ಗ್ರ್ಯಾಂಡ್ ನ್ಯಾಷನಲ್ ಮಾತ್ರ ಆ ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರ ದಾಟಿತ್ತು. ಸಾಧಾರಣ ಮಾದರಿಗೆ ಅಪರೂಪದ ಮಾದರಿಯ ಬಂಪರು, ಸ್ಟಿಕರು, ಚಕ್ರ ಹಾಕುವುದು ಎಷ್ಟು ಹೊತ್ತಿನ ಕೆಲಸ? ಬೆಳ್ಳಗಿರುವುದೆಲ್ಲ ಹಾಲಲ್ಲ. ಬಿಎಂಡಬ್ಲ್ಯುದಂಥ ಕಂಪನಿಗಳು ತಮ್ಮ ಹಳೇ ದಾಖಲೆಗಳನ್ನು ಕಾಪಾಡಿಟ್ಟಿವೆ. ಚಾಸಿಸ್ ನಂಬರ್ ಕೊಟ್ಟರೆ ಆ ಕಾರು ಯಾವಾಗ, ಯಾವ ರೂಪದಲ್ಲಿ ಹೊರಬಂತು ಅಂತ ಪತ್ರ ಕೊಡುತ್ತವೆ. ಆ ಪತ್ರ ತರಿಸದೆ ಟರ್ಬೊ ಅನ್ನುವ ಹೆಸರಿಗೆ ದುಡ್ಡು ಸುರಿಯಬೇಡಿ.

ಇಷ್ಟು ಹೇಳಿದ ಮೇಲೆ ನಿಮ್ಮನ್ನು ಕೊಂಚ ಬೈಯಲೇಬೇಕು. ಜರ್ಮನಿಯ ಕಾರಿನ ಸಂಖ್ಯೆ ನಿಮಗೆ ಬಾಯಿಪಾಠ. ನಮ್ಮದೇ ಹೆದ್ದಾರಿಯ ಕೊನೆಯಲ್ಲಿ, ಮೈಸೂರಿನ ಯಾದವಗಿರಿಯಲ್ಲಿ, ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತಲ್ಲ, ಅಲ್ಲಿ ಯಾವ ಮಾದರಿ ಯಾವಾಗ ಇಳಿಯಿತು ಅಂದರೆ ತಲೆ ಕೆರೆದುಕೊಳ್ಳುತ್ತೀರಿ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಿಮಗೇ ಹೇಳಿ ಮಾಡಿಸಿದ ಮಾತು. ಅಲ್ಲಿ ಟರ್ಬೊ ಇರಲಿಲ್ಲ, ಕಾರೂ ಇರಲಿಲ್ಲ, ಒಪ್ಪಿದೆ. ಆದರೆ ಅಪರೂಪವನ್ನು ಪತ್ತೆಹಚ್ಚುವ ವಿದ್ಯೆ ಕಲಿಯಲು ಅಲ್ಲಿ ತಯಾರಾದ ಯೆಜ್ಡಿ 350 ಟ್ವಿನ್ ಬೈಕಿಗಿಂತ ಒಳ್ಳೆಯ ಪಾಠ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ.

1980ರ ದಶಕದಲ್ಲಿ ಬಂದ ಗಾಡಿ ಅದು. ಎರಡು ಸಿಲಿಂಡರು, ಟೂ ಸ್ಟ್ರೋಕು, ಪೆಟ್ರೋಲು ಕುಡಿಯುವ ಪ್ರಾಣಿ. ಅದೇ ಹೊತ್ತಿಗೆ ಹೊಸೂರಿನಿಂದ ಇಂಡ್ ಸುಜುಕಿ, ಉತ್ತರದಿಂದ ಹೀರೊ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಬಂದವು. ಲೀಟರಿಗೆ ಎಷ್ಟು ಕೊಡುತ್ತೆ ಅಂತ ಕೇಳುವ ಸಂಸಾರಸ್ಥರು ಆ ಕಡೆ ಹೋದರು, ಟ್ವಿನ್ ಹೆಚ್ಚು ಓಡಲಿಲ್ಲ. ಅಪರೂಪವಾದದ್ದು ಹೀಗೆ. ಮಾರಾಟವಾಗದ ಗಾಡಿಯೇ ನಲವತ್ತು ವರ್ಷದ ಮೇಲೆ ರತ್ನವಾಗುತ್ತದೆ, ಇದನ್ನು ನೆನಪಿಡಿ. ಅಂಥ ಟ್ವಿನ್ ಎಷ್ಟು ತಯಾರಾದವು ಅಂತ ಯಾರಾದರೂ ಥಟ್ಟನೆ ಒಂದು ಸಂಖ್ಯೆ ಹೇಳಿದರೆ, "ಯಾವ ಕಾಗದದಲ್ಲಿ ನೋಡಿದಿರಿ?" ಅಂತ ವಿನಯವಾಗಿ ಕೇಳಿ.

ಈ ಗಾಡಿಯನ್ನು ಗುರುತಿಸುವುದರಲ್ಲೇ ಅರ್ಧ ಜನ ಮೋಸಹೋಗುತ್ತಾರೆ. ಹಿಂದೆ ಎರಡು ಸೈಲೆನ್ಸರ್ ಕಂಡ ಕೂಡಲೇ "ಟ್ವಿನ್" ಅಂದುಬಿಡುತ್ತೀರಿ. ಅಯ್ಯೋ, ಅದೇ ಕಾರ್ಖಾನೆಯ ರೋಡ್‌ಕಿಂಗ್ 250ಗೂ ಎರಡು ಸೈಲೆನ್ಸರ್! ಅದರ ಒಂದೇ ಸಿಲಿಂಡರಿನಿಂದ ಎರಡು ಕೊಳವೆ ಹೊರಡುತ್ತವೆ. ಹಿಂದೆ ನಿಂತು ನೋಡಬೇಡಿ, ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತು ಸ್ಪಾರ್ಕ್ ಪ್ಲಗ್ ಎಣಿಸಿ. ಒಂದು ಪ್ಲಗ್ಗಿದ್ದರೆ 250, ಎರಡಿದ್ದರೆ ಟ್ವಿನ್. ಪೆಟ್ರೋಲ್ ಟ್ಯಾಂಕಿನ ಮೇಲಿನ ಹೆಸರನ್ನಂತೂ ನಂಬಲೇಬೇಡಿ. ಟ್ಯಾಂಕು ನಾಲ್ಕು ಬೋಲ್ಟಿನ ವ್ಯವಹಾರ, ಯೆಜ್ಡಿಗೆ ಜಾವಾ ಟ್ಯಾಂಕು ಕೂರಿಸಿದವರು ಬೇಕಾದಷ್ಟು ಜನ.

ಆಮೇಲೆ ಚಾಸಿಸ್ ನಂಬರ್. ಮಣ್ಣು, ಗ್ರೀಸು ಒರೆಸಲು ಸೀಮೆಎಣ್ಣೆ ಅದ್ದಿದ ಬಟ್ಟೆ ಸಾಕು. ಎಮೆರಿ ಕಾಗದ ಹಾಕಿ ತಿಕ್ಕಬೇಡಿ, ವೈರ್ ಬ್ರಷ್ ಮುಟ್ಟಿಸಬೇಡಿ. ಹೊಳಪು ಬರಲಿ ಅಂತ ತಿಕ್ಕಿ ತಿಕ್ಕಿ ಗಾಡಿಯ ಜಾತಕವನ್ನೇ ಅಳಿಸಿದವರಿದ್ದಾರೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ, ಆರ್‌ಟಿಒ ಕೆಲಸಕ್ಕೆ ತೆಗೆಯುತ್ತಾರಲ್ಲ ಹಾಗೆ. ಕಣ್ಣಿಗೆ ಕಾಣದ್ದು ಆ ಅಚ್ಚಿನಲ್ಲಿ ಕಾಣುತ್ತದೆ: ಒಂದು ಅಂಕಿ ಆಳ, ಪಕ್ಕದ್ದು ಮೇಲುಮೇಲೆ, ಸುತ್ತ ಗ್ರೈಂಡರ್ ಆಡಿದ ಸಣ್ಣ ಗೀರು. ಹಳೇ ಗಾಡಿಗಳಲ್ಲಿ ಕೈಪಂಚಿನ ಅಂಕಿ ಕೊಂಚ ಸೊಟ್ಟಗಿರುವುದು ಉಂಟು, ಅಷ್ಟಕ್ಕೇ ಕಳ್ಳಮಾಲು ಅಂತ ಕೂಗಬೇಡಿ. ಅದೇ ಮಾದರಿಯ ಇನ್ನೊಂದು ಗಾಡಿಯ ಅಚ್ಚು ತಂದು ಪಕ್ಕಪಕ್ಕ ಇಟ್ಟು ನೋಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು. ವಿದೇಶಿ ಕಾರಾದರೆ ಇನ್ನೊಂದು ಗುಟ್ಟು ಹೇಳುತ್ತೇನೆ. 1981ರಿಂದ ಈಚಿನ ಅಮೆರಿಕದ ಕಾರುಗಳಿಗೆ ಹದಿನೇಳು ಅಕ್ಷರ, ಅಂಕಿಗಳ ನಂಬರಿದೆ, ಹತ್ತನೆಯದು ಮಾದರಿಯ ವರ್ಷ. ಐ, ಓ, ಕ್ಯೂ ಅನ್ನುವ ಅಕ್ಷರಗಳು ಅದರಲ್ಲಿ ಬರುವುದೇ ಇಲ್ಲ. ಕಂಡರೆ ಹುಷಾರಾಗಿ.

ಕಾಗದದ ವಿಷಯಕ್ಕೆ ಬನ್ನಿ. ಬರೀ ಆರ್‌ಸಿ ನೋಡಿ ಸುಮ್ಮನಾಗಬೇಡಿ, ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ನೋಂದಣಿ ದಾಖಲೆಯ ನಕಲು ತೆಗೆಸಿ. ಕೆಎ ಅನ್ನುವ ನಂಬರ್ ಬಂದದ್ದೇ 1989ರಲ್ಲಿ ಹೊಸ ಕಾಯ್ದೆ ಜಾರಿಯಾದ ನಂತರ. 1983ರ ಗಾಡಿ ಅನ್ನುತ್ತಾರೆ, ಮೇಲೆ ಕೆಎ 42 ಅಂತ ರಾಮನಗರದ ನಂಬರಿದೆ ಅಂದರೆ ನಡುವೆ ಏನೋ ನಡೆದಿದೆ. ಕಾರಣ ಸರಿಯಾದದ್ದೇ ಇರಬಹುದು, ಆದರೂ ಕೇಳಿ. ತಯಾರಾದ ವರ್ಷ, ನೋಂದಣಿಯಾದ ವರ್ಷ ಒಂದೇ ಆಗಿರಬೇಕಿಲ್ಲ. ಓಡದ ಮಾದರಿ ಡೀಲರ್ ಅಂಗಡಿಯಲ್ಲೇ ವರ್ಷಗಟ್ಟಲೆ ನಿಲ್ಲಬಹುದಿತ್ತು.

ಸಿಕ್ಕಸಿಕ್ಕ ಗಾಡಿಗೆಲ್ಲ ವಿಂಟೇಜ್ ಅನ್ನುವ ಚಾಳಿಯನ್ನೂ ಬಿಡಿ. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು, ಮೂಲ ರೂಪ ಕೆಡದಿರಬೇಕು. 20,000 ರೂಪಾಯಿ ಕಟ್ಟಿದರೆ ವಿಎ ಅಕ್ಷರಗಳಿರುವ ನಂಬರ್ ಹತ್ತು ವರ್ಷಕ್ಕೆ ಸಿಗುತ್ತದೆ. ಅದನ್ನು ದಿನಾ ಸಂತೆಗೆ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕಷ್ಟೇ. 1978ರಲ್ಲಿ ಬಂದ ಮೊದಲ ರೋಡ್‌ಕಿಂಗ್‌ಗಳಿಗೇ ಆ ಯೋಗ 2028ಕ್ಕೆ. ಮೂಲ ರೂಪ ಅಂದೆನಲ್ಲ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ ಗಾಡಿ ಯಾವುದೆಂದು ಪಕ್ಕಾ ಆಗುವ ಮೊದಲೇ ಪೇಂಟು, ಕ್ರೋಮು ಅಂತ ಓಡಬೇಡಿ. ಹಳೇ ಬಣ್ಣದ ಕೆಳಗೆ ಇನ್ನೂ ಹಳೇ ಬಣ್ಣವಿರುತ್ತದೆ, ಅದೂ ಒಂದು ದಾಖಲೆ. ಹಳೇ ಕಾರು ಹೇಗಿರಬೇಕೆಂದು ಕಣ್ಣು ಪಳಗಬೇಕಾದರೆ ಶ್ರೀರಂಗಪಟ್ಟಣದ ಹತ್ತಿರ ವೀರೇಂದ್ರ ಹೆಗ್ಗಡೆಯವರು ಮಾಡಿಸಿರುವ ಪಯಣ ಸಂಗ್ರಹಾಲಯಕ್ಕೆ ಹೋಗಿ ಬನ್ನಿ.

ಎಲ್ಲಕ್ಕಿಂತ ಅವಸರದ ಕೆಲಸ ಬೇರೆಯೇ ಇದೆ. ಜರ್ಮನಿಯಲ್ಲಿ ಕಂಪನಿ ಇದೆ, ದಾಖಲೆ ಇದೆ, ನಾಳೆ ಕೇಳಿದರೂ ನಡೆಯುತ್ತದೆ. ಮೈಸೂರಿನ ಕಾರ್ಖಾನೆ ಮುಚ್ಚಿದಾಗ ಮೂವತ್ತು ವರ್ಷದವರಾಗಿದ್ದವರಿಗೇ ಈಗ ಅರವತ್ತರ ಹತ್ತಿರ. ಗಾಡಿಗಿಂತ ಬೇಗ ನೆನಪು ಸವೆಯುತ್ತದೆ. ಅಲ್ಲಿ ದುಡಿದ ಹಿರಿಯರು ನಿಮ್ಮ ನೆಂಟರಲ್ಲೋ ಗೆಳೆಯರ ಮನೆಯಲ್ಲೋ ಇದ್ದರೆ ಈ ತಿಂಗಳೇ ಹೋಗಿ. "ಒಟ್ಟು ಎಷ್ಟು ಟ್ವಿನ್ ಮಾಡಿದಿರಿ?" ಅಂತ ಕೇಳಬೇಡಿ, ಯಾವ ಕೆಲಸಗಾರರಿಗೂ ಆ ಲೆಕ್ಕ ಗೊತ್ತಿರುವುದಿಲ್ಲ, ನಿಮ್ಮ ಸಂತೋಷಕ್ಕೆ ಏನೋ ಒಂದು ಹೇಳಿಬಿಡುತ್ತಾರೆ. ನೀವು ಯಾವ ವಿಭಾಗದಲ್ಲಿದ್ದಿರಿ, ಒಂದು ಪಾಳಿಗೆ ಎಷ್ಟು ಎಂಜಿನ್ ಇಳಿಯುತ್ತಿತ್ತು, 350ರ ಕೆಲಸ ವರ್ಷಪೂರ್ತಿ ಇರುತ್ತಿತ್ತೋ ಬಿಟ್ಟು ಬಿಟ್ಟು ಬರುತ್ತಿತ್ತೋ, ನಂಬರ್ ಯಾರು ಹೊಡೆಯುತ್ತಿದ್ದರು ಅಂತ ಕೇಳಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ತಾಳೆ ನೋಡಿ. ಟ್ರಂಕಿನ ತಳದಲ್ಲಿ ಸಂಬಳದ ಚೀಟಿ, ಸರ್ವಿಸ್ ಪುಸ್ತಕ ಇದ್ದರೆ ಅಲ್ಲೇ ಫೋಟೋ ತೆಗೆದುಕೊಳ್ಳಿ, ಮೂಲವನ್ನು ಎತ್ತಿಕೊಂಡು ಬರಬೇಡಿ. ಹೋಗುವಾಗ ಗಾಡಿಯ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ಯಿರಿ, ಫೋನಿನ ಪುಟ್ಟ ಪರದೆ ಅವರ ಕಣ್ಣಿಗೆ ಹತ್ತುವುದಿಲ್ಲ. ಕೇಳಿದ್ದನ್ನು ತಾರೀಕು ಹಾಕಿ ಅದೇ ರಾತ್ರಿ ಬರೆದಿಡಿ, ಒಂದು ಪ್ರತಿಯನ್ನು ಅವರ ಮಕ್ಕಳ ಕೈಗೂ ಕೊಡಿ.